ಕಣಜ

ಅಕ್ಟೋಬರಿನ ಎರಡನೇ ಭಾನುವಾರ. ಅಂಗಡಿಗೆ ರಜ.
ಅಡುಗೆಮನೆಯ ಮೇಜಿಗೆ ಹಳೇ ಪೇಪರು ಹಾಸಿ
ಎಲ್ವಿನ್ ಪ್ರೋಸರನ ಗೋಡೆಯಿಂದ ಇಳಿಸಿ ತಂದ
ನಲವತ್ತೊಂದು ಕಾಗದದ ಕೊಳವೆಗಳನ್ನು
ಸಾಲಾಗಿ ಮಲಗಿಸಿದ್ದೇನೆ.

ಲಡ್ಲೋದ ಏರುಬೀದಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವನು.
‘ಯಾರ ಕಾಗದವನ್ನೂ ಒಡೆದು ನೋಡಿದವನಲ್ಲ ನಾನು,
ಇವನ್ನು ಮಾತ್ರ ಒಡೆಯಲೇಬೇಕು’ ಅನ್ನುತ್ತಾನೆ.
ಈಗ ಮೊಣಕಾಲು ಹೋಗಿದೆ, ಕಣ್ಣಿಗೆ ಮಂಜು.
ಈ ಸಲದ ಪಾಳಿ ನನ್ನದು.

ಕಾರ್ವ್ ಸ್ಟ್ರೀಟಿನ ನನ್ನ ಔಷಧದಂಗಡಿಯಿಂದ ತಂದದ್ದು:
ಚಿಮುಟ, ಭೂತಗನ್ನಡಿ,
ಮಾತ್ರೆ ಎಣಿಸುವ ಮುಕ್ಕೋನದ ತಟ್ಟೆ.

ಕೊಳವೆಯ ಬಾಯಿಗೆ ಮಣ್ಣಿನ ಬಿರಡೆ.
ಉಗುರಲ್ಲಿ ಒತ್ತಿದರೆ ಪುಡಿಪುಡಿ.
ವಸಂತದಲ್ಲಿ ಟೀಮ್ ಹೊಳೆಯ ಕೆಸರಾಗಿದ್ದದ್ದು.

ಒಳಗೆ ಮೊದಲಿಗೆ ಒಂದು ಬರಿಕೋಣೆ.
ತತ್ತಿಯಿಲ್ಲ, ಹಿಟ್ಟಿಲ್ಲ.
ಮರೆತಳೇ?
ಮರೆಯುವವಳಲ್ಲ.
ಸೂಜಿ ಹೊತ್ತು ಬಂದವಳು ಚುಚ್ಚಿ ಚುಚ್ಚಿ ಬೇಸತ್ತು ಹೋಗಲೆಂದು
ಕಟ್ಟಿಟ್ಟ ಶೂನ್ಯ ಅದು.

ಆಮೇಲೆ ಗೋಡೆ. ಗಂಡು. ಗೋಡೆ. ಗಂಡು. ಗೋಡೆ.
ಒಳಒಳಗೆ, ಕತ್ತಲ ಕೊನೆಯಲ್ಲಿ,
ದಪ್ಪ ಗೂಡುಗಳಲ್ಲಿ ಹೆಣ್ಣುಗಳು.
ಮರಕುಟಿಗ ಕೊಕ್ಕು ಹಾಕಿದರೆ
ಮೊದಲು ಹೋಗುವವರು ಬಾಗಿಲ ಹುಡುಗರು.

ಇವಳಿಗೆ ರಾಣಿಯಿಲ್ಲ, ಆಳಿಲ್ಲ, ತುಪ್ಪದ ತಟ್ಟಿಯಿಲ್ಲ.
ಏಪ್ರಿಲ್‌ನಲ್ಲಿ ನಾನು ಕಂಡದ್ದು ಇವಳನ್ನೇ ಇರಬೇಕು:
ಹೊಟ್ಟೆಯಡಿ ಹಳದಿ ಹಿಟ್ಟು ಮೆತ್ತಿಕೊಂಡು ಬರುವಳು,
ತಲೆ ಮೊದಲಾಗಿ ಹೊಕ್ಕು ಸಿಹಿ ಕಕ್ಕುವಳು,
ಹಿಂದೆ ಸರಿದು ಹೊರಬಂದು, ತಿರುಗಿ,
ಹಿಮ್ಮುಖವಾಗಿ ಹೊಕ್ಕು ಹಿಟ್ಟು ಉದುರಿಸುವಳು.
ಒಂದು ಕೋಣೆಗೆ ಇಂಥ ಇಪ್ಪತ್ತು ಸುತ್ತು.
ಮತ್ತೆ ತತ್ತಿ. ಮತ್ತೆ ಮಣ್ಣಿಗೆ ಹೊಳೆದಂಡೆ.
ಮಳೆ ಬಂದ ದಿನ ಬಾಗಿಲಿಗೆ ಮುಖ ಕೊಟ್ಟು ಕೂತಿರುವಳು.
ಜೂನ್ ಕಳೆಯುವಷ್ಟರಲ್ಲಿ ರೆಕ್ಕೆಯ ಅಂಚು ಚಿಂದಿ.
ಮಕ್ಕಳ ಮುಖ ಕಾಣುವ ಬಾಳಲ್ಲ ಅವಳದು.

ಆಗಲೇ ಆ ಇಟ್ಟಿಗೆಯ ಮೇಲೆ
ಕೆಂಪು ಕಣ್ಣಿನ ಪುಟ್ಟ ನೊಣವೊಂದು
ಬಸ್ಸಿಗೆ ಕಾದವಳ ಹಾಗೆ ನಿಂತಿತ್ತು.
ನನಗೇನು ಗೊತ್ತು?
ಬಸ್ಸಿಗೇ ಇರಬೇಕು ಅಂದುಕೊಂಡೆ.

ಏಳನೇ ಕೊಳವೆ. ಗೂಡಿಲ್ಲ.
ಕೇಸರಿ ದಾರ ಸಿಕ್ಕುಗಟ್ಟಿದಂಥ ಹಿಕ್ಕೆ,
ನಡುವೆ ಬಿಳಿಹುಳು ಹನ್ನೆರಡು, ಉಂಡು ಮಲಗಿವೆ.
ಮನೆಯ ಕೂಸಿಗೆ ಇವು ಏನೂ ಮಾಡಲಿಲ್ಲ,
ಅದರ ಊಟ ಉಂಡವು, ಅಷ್ಟೇ.

ಹದಿನೈದನೆಯದು. ಗೂಡುಂಟು, ನೋಡಲು ಚೆಂದ.
ಎತ್ತಿದರೆ ಹಗುರ. ಎಣಿಸಿ ಎಣಿಸಿ ಪಳಗಿದ ಕೈಗೆ
ಖಾಲಿ ಕ್ಯಾಪ್ಸೂಲು ಬೇಗ ತಿಳಿಯುತ್ತದೆ.
ಬ್ಲೇಡಿನಿಂದ ಸೀಳಿದೆ.
ಒಳಗೆ ಕಣಜದ ಮರಿಗಳು, ಒತ್ತೊತ್ತಾಗಿ,
ದೀಪದ ಬೆಳಕಿಗೆ ಒಮ್ಮೆ ಮಿಸುಕಿದವು.

ಸೂಜಿಯವಳು ಬರಿಕೋಣೆಗೆ ಮೋಸಹೋಗಿರಲಿಲ್ಲ.
ಪಕ್ಕದಿಂದ, ಕಾಗದ ತೂರಿ, ನೇರ ಚುಚ್ಚಿದ್ದಳು.
ಎಲ್ವಿನ್ ಹೇಳಿದ್ದ, ದಪ್ಪ ಕೊಳವೆಯೇ ಬೇಕು ಅಂತ.
ಅಗ್ಗವೆಂದು ತೆಳುವಾದದ್ದು ತರಿಸಿದವಳು ನಾನು.

ಕಣಜ.
ಕಾಳು ತುಂಬಿಡುವ ಮನೆಗೂ ನಮ್ಮಲ್ಲಿ ಇದೇ ಹೆಸರು,
ಕುಟುಕುವ ಹುಳಕ್ಕೂ ಇದೇ.
ಹಿಂದೊಮ್ಮೆ ಹೇಳಿದಾಗ ಅವನು ನಕ್ಕಿದ್ದ:
‘ಎರಡು ಮನೆಗೆ ಒಂದೇ ವಿಳಾಸವೇ?
ನಿಮ್ಮೂರ ಟಪಾಲಿನವನ ಗತಿಯೇನು!’

ಸಂಜೆ ಅವನ ಫೋನು. ‘ಎಷ್ಟು?’
ನೂರ ಹದಿಮೂರು, ಅಂದೆ, ಜೇನು ಮಾತ್ರ ಎಣಿಸಿ.
‘ಉಳಿದದ್ದು?’
ನೊಣದ ಹುಳ ಹಿತ್ತಿಲ ರಾಬಿನ್ ಪಾಲಾಯಿತು, ಅಂದೆ.
ಇನ್ನೊಂದನ್ನು ಹೇಳಲಿಲ್ಲ.

ಗಟ್ಟಿ ಗೂಡುಗಳನ್ನು ಬೆಣ್ಣೆ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ.
ಸೀಳಿದ್ದನ್ನು ಹೊಲಿಯಲು ಬಾರದು.
ಪುಟ್ಟ ಸೀಸೆಗೆ ಇಳಿಸಿ, ಹತ್ತಿ ಮುಚ್ಚಿ,
ಅಭ್ಯಾಸಬಲ, ಚೀಟಿ ಅಂಟಿಸಿದೆ.
ಹೆಸರು: ಕಣಜ. ಸಂಖ್ಯೆ: ಹದಿನಾಲ್ಕು.
ಯಾರಿಗೆ ಎಂಬಲ್ಲಿ
ಪೆನ್ನು ಊರಿ ತುಸು ಹೊತ್ತು ಕೂತು
ಖಾಲಿ ಬಿಟ್ಟೆ.